ಎಲೆ ಕೊಯ್ದರೆ ಅರಿಶಿನದ ಗಡ್ಡೆ ಬಡವಾಗುತ್ತಾ?

ನಾಗರಪಂಚಮಿ ಕಡುಬಿಗೆ ಹಿತ್ತಲ ಅರಿಶಿನದ ಎಲೆ ಕೊಯ್ದೆ, ಗಡ್ಡೆ ಸಣ್ಣದಾಗುತ್ತಾ ಅಂತ ಕೇಳಿದ್ದೀರಿ. ನಾಲ್ಕೈದು ಎಲೆಗೆ ಚಿಂತೆ ಬೇಡ, ಒಂದೇ ಬುಡವನ್ನು ಬೋಳಿಸದಿದ್ದರೆ ಸಾಕು.

ಮೇ-ಜೂನ್‌ನಲ್ಲಿ ನೆಟ್ಟ ಬಿತ್ತನೆಗಡ್ಡೆ ತನ್ನ ಪಿಷ್ಟವನ್ನೇ ಕರಗಿಸಿ ಮೊದಲ ಮೊಳಕೆ ಎಬ್ಬಿಸುತ್ತದೆ. ಎಲೆ ಬಿಚ್ಚಿದ ಮೇಲೆ ಗಾಳಿಯ ಇಂಗಾಲ ಸಕ್ಕರೆಯಾಗಿ, ಸುಕ್ರೋಸ್ ರೂಪದಲ್ಲಿ ಫ್ಲೋಯಮ್ ನಾಳದ ಮೂಲಕ ಕೆಳಗಿಳಿಯುತ್ತದೆ. ಆದರೆ ಶ್ರಾವಣದ ಹೊತ್ತಿಗೆ ಆ ಸಂಪಾದನೆಯಲ್ಲಿ ಹೆಚ್ಚಿನದು ಹೊಸ ಎಲೆ, ಬೇರು, ಮರಿಗಳಿಗೇ ಖರ್ಚು. ಗಡ್ಡೆಗೆ ದೊಡ್ಡ ಪಾಲು ಸಿಗುವುದು ಮಳೆಗಾಲ ಮುಗಿಯುತ್ತಾ ಬಂದಾಗ. ಅಲ್ಲಿ ಸಕ್ಕರೆ ಮತ್ತೆ ಪಿಷ್ಟವಾಗಿ ಕೂಡುತ್ತದೆ. ಬೇಯಿಸಿ ಒಣಗಿಸಿದ ಕೊಂಬು ಮುರಿದರೆ ಒಳಗೆ ಗಾಜಿನಂತೆ ಹೊಳೆಯುತ್ತದಲ್ಲ, ಅದು ಆ ಪಿಷ್ಟವೇ, ಬೆಂದು ಗಟ್ಟಿಯಾದದ್ದು. ಸ್ವಲ್ಪ ಇಂಗಾಲ ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್‌ಗೆ, ಸುಗಂಧ ತೈಲಕ್ಕೂ ಹೋಗುತ್ತದೆ. ಕಡುಬಿನ ಘಮವೂ ಅದೇ ಲೆಕ್ಕದ್ದು ಅನ್ನಿ!

ಕೊಯ್ಯುವಾಗ ಬುಡದ ಬಲಿತ ಎಲೆ ತೆಗೆಯಿರಿ. ತುದಿಯ ಸುರುಳಿ ಎಲೆ ಇನ್ನೂ ತಿನ್ನುವ ಮಗು, ಅದರ ಕೆಳಗೆ ಪೂರ್ತಿ ಬಿಚ್ಚಿದ್ದೇ ದುಡಿಯುವ ಎಲೆ. ಅಕ್ಟೋಬರ್-ನವೆಂಬರ್‌ನಲ್ಲಿ ಮಾತ್ರ ಹಸಿರೆಲೆ ಮುಟ್ಟಬೇಡಿ. ತಾನಾಗಿ ಹಳದಿಯಾಗಿ ಒಣಗಲಿ, ಎಲೆಯಲ್ಲಿ ಉಳಿದದ್ದರಲ್ಲೂ ಒಂದಿಷ್ಟು ಗಡ್ಡೆಗೇ ಇಳಿಯುತ್ತದೆ.