ಹೊಸ ಉಪ್ಪುನೀರಿನ ಟ್ಯಾಂಕಿನಲ್ಲಿ ಕಂದು ಪಾಚಿ: ಮೊದಲು ನೀರು ಅಳೆಯಿರಿ

ಟ್ಯಾಂಕ್ ಶುರು ಮಾಡಿ ಐದು ವಾರ, ಮರಳು, ಕಲ್ಲು, ಗಾಜು ಎಲ್ಲ ಕಂದು ಪಾಚಿ, ಒರೆಸಿದರೆ ಎರಡೇ ದಿನಕ್ಕೆ ವಾಪಸ್, ಪಾಚಿ ಔಷಧಿ ಹಾಕಲಾ ಅಂತ ಕೇಳಿದ್ದೀರಿ. ಅಡುಗೆಮನೆಯ ಆರ್‌ಒ ನೀರು ಬಳಸ್ತಿದ್ದೀನಿ ಅಂತಲೂ ಬರೆದಿದ್ದೀರಿ. ನನ್ನ ಅನುಮಾನವೆಲ್ಲ ಅದರ ಮೇಲೆಯೇ.

ಔಷಧಿ ಬೇಡ. ಅಂಥ ಹಲವು ಬಾಟಲಿಗಳಲ್ಲಿ ತಾಮ್ರ ಇರುತ್ತದೆ. ಬಸವನಹುಳು, ಸೀಗಡಿ, ಹವಳ ಯಾವುದಕ್ಕೂ ಅದು ಆಗಿಬರುವುದಿಲ್ಲ.

ಬೆರಳಿಂದ ಸವರಿದರೆ ಧೂಳಿನ ಹಾಗೆ ಎದ್ದು ಹೋಗುತ್ತದೆ ಅಲ್ವಾ? ಹಾಗಿದ್ದರೆ ಅದು ಡಯಾಟಮ್, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಹೊಸ ಟ್ಯಾಂಕಿಗೆ ಸಾಮಾನ್ಯವಾಗಿ ಮೊದಲು ಬರುವುದೇ ಇದು. ಇದರ ಚಿಪ್ಪು ಸಿಲಿಕಾದ್ದು, ಅದನ್ನು ಕಟ್ಟಿಕೊಳ್ಳುವುದು ನೀರಿನಲ್ಲಿ ಕರಗಿದ ಸಿಲಿಕೇಟ್‌ನಿಂದ. ನೀರಿನಲ್ಲಿ ಸಿಲಿಕೇಟ್ ಇರುವಷ್ಟು ದಿನ ಬೆಳೆಯುತ್ತದೆ, ಮುಗಿದ ಮೇಲೆ ತಾನೇ ಸೊರಗುತ್ತದೆ. ಆದರೆ ಹಾಕುವ ನೀರಿನ ಜೊತೆ ನಾವೇ ದಿನಾ ಸಿಲಿಕೇಟ್ ಬಡಿಸುತ್ತಾ ಕೂತರೆ ಹೇಗೆ ಮುಗಿಯುತ್ತದೆ?

ನಾನು ಮಾಡಿದ್ದು ಅದನ್ನೇ. ಬೆಂಗಳೂರಲ್ಲಿ ನಮ್ಮದು ಬೋರ್ ನೀರು. ಆರ್‌ಒ ಇದೆಯಲ್ಲ ಎಂದು ಮೂರು ತಿಂಗಳು ಧೈರ್ಯವಾಗಿದ್ದೆ. ಕೊನೆಗೊಂದು ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ, ಖನಿಜ ಎಷ್ಟಿದೆ ಎಂದು ತೋರಿಸುವುದು) ತಂದು ಅದ್ದಿದರೆ 84 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 84 ಭಾಗ! ಮನೆಯ ಪ್ಯೂರಿಫೈಯರ್‌ಗಳಲ್ಲಿ ಬಹಳಷ್ಟಕ್ಕೆ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ರುಚಿ ಇರಲಿ ಎಂದು ಆರ್‌ಒ ಮೆಂಬ್ರೇನ್ (ಶೋಧಿಸುವ ಪೊರೆ) ದಾಟದ ನೀರನ್ನು ಸ್ವಲ್ಪ ಬೆರೆಸುತ್ತದೆ. ನಮಗೆ ಕುಡಿಯಲು ಒಳ್ಳೆಯದೇ, ಟ್ಯಾಂಕಿಗಲ್ಲ. ಇನ್ನೊಂದು ವಿಷಯ: ಬೇಸಿಗೆಯಲ್ಲಿ ನನ್ನ ಟ್ಯಾಂಕಿನಿಂದ ದಿನಕ್ಕೆ ಒಂದು ಲೀಟರ್‌ಗಿಂತ ಜಾಸ್ತಿ ಆವಿಯಾಗುತ್ತದೆ. ಹೋಗುವುದು ಬರೀ ನೀರು. ಅದರಲ್ಲಿ ಕರಗಿದ್ದೆಲ್ಲ ಒಳಗೇ ಉಳಿಯುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆ ಆ ಜಾಗಕ್ಕೆ ಇದೇ ನೀರು ತುಂಬುತ್ತಿದ್ದರೆ ದಿನದಿನವೂ ಸೇರುತ್ತಾ ಹೋಗುತ್ತದೆ.

ಹಾಗಾಗಿ ಆರ್‌ಒ ಆದ ಮೇಲೆ ಡಿಐ ರೆಸಿನ್ (ಉಳಿದ ಲವಣಗಳನ್ನೂ ಹಿಡಿದಿಡುವ ಸಣ್ಣ ಮಣಿಗಳು) ಇರುವ ಯೂನಿಟ್ ಹಾಕಿಸಿ. ಮೀಟರ್ 0 ತೋರಿಸಬೇಕು. ಉಪ್ಪು ಕಲಸಲೂ ಅದೇ ನೀರು, ಆವಿಯಾದದ್ದನ್ನು ತುಂಬಲೂ ಅದೇ. ನಾನು ಬದಲಾಯಿಸಿದ ಮೇಲೆ ಮೂರನೇ ವಾರಕ್ಕೆ ಮರಳು ಬೆಳ್ಳಗಾಯಿತು.

ಲೈಟ್ ಸದ್ಯಕ್ಕೆ ದಿನಕ್ಕೆ ಆರು ಗಂಟೆ ಸಾಕು. ಫ್ರೋಜನ್ ಆಹಾರವನ್ನು ಜರಡಿಯಲ್ಲಿ ತೊಳೆದು ಹಾಕಿ. ಬಸವನಹುಳು ತರುವುದಾದರೆ ನಾಲ್ಕೈದು ಟ್ರೋಕಸ್ ತನ್ನಿ. ಮಗುಚಿ ಬಿದ್ದರೂ ತಾವೇ ಎದ್ದುಕೊಳ್ಳುತ್ತವೆ. ಅಂಗಡಿಯವರು ಹೇಳಿದರು ಎಂದು ಇಪ್ಪತ್ತು ತರಬೇಡಿ, ಪಾಚಿ ಖಾಲಿಯಾದ ಮೇಲೆ ಪಾಪ, ಹೊಟ್ಟೆಗಿಲ್ಲದೆ ಸಾಯುತ್ತವೆ.

ಸಿಟ್ಟಲ್ಲಿ ನೈಟ್ರೇಟ್, ಫಾಸ್ಫೇಟ್ (ಮೀನಿನ ಮಲ, ಉಳಿದ ಆಹಾರದಿಂದ ನೀರಿಗೆ ಸೇರುವ ಪೋಷಕಾಂಶಗಳು) ಎರಡನ್ನೂ ಸೊನ್ನೆಗೆ ಇಳಿಸಲು ಹೋಗಬೇಡಿ. ಎರಡೂ ಸೊನ್ನೆಯಾದಾಗಲೇ ಡೈನೋಫ್ಲಾಜೆಲೇಟ್ ಎಂಬ ಇನ್ನೊಂದು ಸೂಕ್ಷ್ಮಜೀವಿ ತಲೆ ಎತ್ತುವುದು ಜಾಸ್ತಿ. ಅದೂ ಕಂದು ಬಣ್ಣವೇ, ಆದರೆ ಸಿಂಬಳದಂತೆ ಎಳೆಎಳೆಯಾಗಿ, ತುದಿಯಲ್ಲಿ ಗುಳ್ಳೆ ಹಿಡಿದು ನಿಂತಿರುತ್ತದೆ. ಅದಕ್ಕೆ ಹೋಲಿಸಿದರೆ ಡಯಾಟಮ್ ಸಾಧು ಪ್ರಾಣಿ! ನನ್ನಲ್ಲಿ ನೈಟ್ರೇಟ್ 5ರಿಂದ 10 ಪಿಪಿಎಂ ಇದೆ, ಅದನ್ನು ಮುಟ್ಟಲು ಹೋಗುವುದಿಲ್ಲ.

ಕಂದು ಹೋದ ಮೇಲೆ ಸ್ವಲ್ಪ ಹಸಿರು ಬಂದೇ ಬರುತ್ತದೆ, ಗಾಬರಿ ಬೇಡ. ಮೊದಲು ಮೀಟರ್ ತಂದು ನಿಮ್ಮ ಆರ್‌ಒ ನೀರು ಎಷ್ಟಿದೆ ನೋಡಿ, ನೈಟ್ರೇಟ್ ಜೊತೆ ಇಲ್ಲೇ ಕೆಳಗೆ ಬರೆಯಿರಿ. ಮುಂದೇನು ಅಂತ ಆಮೇಲೆ ಹೇಳುತ್ತೇನೆ.