ಮಲಬದ್ಧತೆಗೆ ವಿಟಮಿನ್ ಮಾತ್ರೆ ಕಾರಣವೇ?

ಪ್ರಶ್ನೆ: ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ, ಮೂಳೆಗೆ ಕ್ಯಾಲ್ಸಿಯಂ, ಜೊತೆಗೊಂದು ಮಲ್ಟಿವಿಟಮಿನ್ ತೆಗೆದುಕೊಳ್ಳುತ್ತಿದ್ದೇನೆ. ಒಂದು ತಿಂಗಳಿಂದ ಮೂರು ದಿನಕ್ಕೊಮ್ಮೆ ಮಲ ಹೋಗುತ್ತಿದೆ, ಅದೂ ಗಟ್ಟಿ, ಕಪ್ಪು. ವಿಟಮಿನ್ ನಿಲ್ಲಿಸಲೇ?

ಉತ್ತರ: ವಿಟಮಿನ್ ಒಂದನ್ನೇ ನಿಲ್ಲಿಸಿದರೆ ಹೆಚ್ಚು ಪ್ರಯೋಜನವಾಗದು. ಮಲ ಗಟ್ಟಿಯಾಗಿಸುವುದು ಹೆಚ್ಚಾಗಿ ಕಬ್ಬಿಣ ಮತ್ತು ಕ್ಯಾಲ್ಸಿಯಂ. (ವಿಟಮಿನ್ ಡಿ ವಿಪರೀತವಾದರೂ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಹೀಗಾಗಬಹುದು.) ಮೊದಲು ಮಲ್ಟಿವಿಟಮಿನ್ ಡಬ್ಬಿಯ ಮೇಲೆ ಕಬ್ಬಿಣ ಇದೆಯೇ ನೋಡಿ, ಇದ್ದರೆ ಎರಡೆರಡು ಕಡೆಯಿಂದ ಸೇರುತ್ತಿದೆ.

325 ಮಿ.ಗ್ರಾಂ ಫೆರಸ್ ಸಲ್ಫೇಟ್ ಮಾತ್ರೆಯಲ್ಲಿ ಕಬ್ಬಿಣ ಇರುವುದು 65 ಮಿ.ಗ್ರಾಂ. ಅದರಲ್ಲೂ ದೇಹ ಹೀರುವುದು ಸ್ವಲ್ಪವೇ, ಮಿಕ್ಕಿದ್ದೆಲ್ಲ ಕರುಳಿಗೆ ಕಾಟ. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಸುಮಾರು ಒಂದು ದಿನ ಹೀರುವಿಕೆಯನ್ನು ತಗ್ಗಿಸುತ್ತದೆ. ಹಾಗಾಗಿ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ, ನೀವಾಗಿಯೇ ಬಿಡಬೇಡಿ. ಕ್ಯಾಲ್ಸಿಯಂ ಕಾರ್ಬೊನೇಟ್ ಇದ್ದರೆ ಸಿಟ್ರೇಟ್‌ಗೆ ಬದಲಿಸಬಹುದು. ಒಂದು ಸಲಕ್ಕೆ 500 ಮಿ.ಗ್ರಾಂ ಕ್ಯಾಲ್ಸಿಯಂ ಸಾಕು, ಅದೂ ಕಬ್ಬಿಣದ ಮಾತ್ರೆಗೆ ಎರಡು ಗಂಟೆ ಅಂತರವಿಟ್ಟು.

ಮಲ ಮೆತ್ತಗಾಗಲು ಇಸಬ್‌ಗೋಲ್ (ನಾರಿನ ಹೊಟ್ಟು) ತೆಗೆದುಕೊಳ್ಳಬಹುದು. ಅದರಲ್ಲಿ ಬಹಳ ಜನ ಎಡವುವುದು ನೀರಿನ ವಿಷಯದಲ್ಲಿ. ಒಂದು ಟೀ ಚಮಚ ಹೊಟ್ಟನ್ನು 250 ಮಿ.ಲೀ. ನೀರಿಗೆ ಕದಡಿ, ಲೋಳೆಗಟ್ಟುವ ಮುಂಚೆಯೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಿರಿ. ನೀರು ಕಡಿಮೆಯಾದರೆ ಅದೇ ಉಬ್ಬಿ ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಳ್ಳಬಹುದು. ಮಲಗುವ ಹೊತ್ತಿಗೆ ಬೇಡ. ಬೇರೆ ಮಾತ್ರೆಗಳಿಗೂ ಎರಡು ಗಂಟೆ ಅಂತರವಿರಲಿ. ಗುಣ ಕಾಣಲು ಎರಡು ಮೂರು ದಿನ ಬೇಕು, ಮರುದಿನವೇ ಪ್ರಮಾಣ ಏರಿಸಬೇಡಿ. ಬೆಳಗಿನ ತಿಂಡಿಯಾದ ಅರ್ಧ ಗಂಟೆಯೊಳಗೆ ಕರುಳು ತಾನಾಗಿ ಚುರುಕಾಗುತ್ತದೆ, ಆಗ ಶೌಚಕ್ಕೆ ಹೋಗಿ. ಕಮೋಡ್ ಆದರೆ ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಪಾದದಡಿ ಮಣೆ ಇಟ್ಟುಕೊಳ್ಳಿ. ಹತ್ತು ನಿಮಿಷ ದಾಟಿ ಮುಕ್ಕುತ್ತಾ ಕೂರಬೇಡಿ.

ಕಬ್ಬಿಣ ತೆಗೆದುಕೊಳ್ಳುವವರಲ್ಲಿ ಮಲ ಕಪ್ಪಾಗುವುದು ಸಹಜ. ಆದರೆ ಟಾರಿನಂತೆ ಅಂಟಂಟಾಗಿ, ಕೆಟ್ಟ ವಾಸನೆ ಇದ್ದರೆ ಅದು ಒಳಗಿನ ರಕ್ತಸ್ರಾವವಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೂ ಅಷ್ಟೇ. ರಕ್ತಹೀನತೆ ಏಕೆ ಬಂತೆಂದು ಇನ್ನೂ ಪರೀಕ್ಷೆ ಆಗಿರದಿದ್ದರೆ ಅದನ್ನೂ ಮಾಡಿಸಿ.

ಪ್ರಶ್ನೆ: ಮೆಗ್ನೀಸಿಯಂ ಅಥವಾ ವಿಟಮಿನ್ ಸಿ ಜಾಸ್ತಿ ತೆಗೆದುಕೊಂಡರೆ ಮಲ ಸಡಿಲವಾಗುತ್ತದಂತೆ, ಹೌದೇ?

ಉತ್ತರ: ಹೌದು. ಮೆಗ್ನೀಸಿಯಂ ಕರುಳಿಗೆ ನೀರೆಳೆದು ಮಲ ಸಡಿಲಿಸುತ್ತದೆ. ಕಿಡ್ನಿ ತೊಂದರೆ ಇದ್ದವರಲ್ಲಿ ಅದು ರಕ್ತದಲ್ಲೇ ಶೇಖರವಾಗಿ ಅಪಾಯ ತರುತ್ತದೆ, ಅವರು ಮುಟ್ಟಬಾರದು. ವಿಟಮಿನ್ ಸಿ ದಿನಕ್ಕೆ 2,000 ಮಿ.ಗ್ರಾಂ ಮೀರಿದರೆ ಭೇದಿಯಾಗಬಹುದು, ಆದರೆ ಅದು ಅಡ್ಡಪರಿಣಾಮವೇ ಹೊರತು ಚಿಕಿತ್ಸೆಯಲ್ಲ.