ಕಾದಂಬರಿಕಾರರ ದಿನಚರಿ ಹೇಗಿರುತ್ತದೆ? ನನ್ನದಂತೂ ಹೀಗೆ

ಕಾದಂಬರಿ ಬರೆಯುವವರು ದಿನವಿಡೀ ಏನು ಮಾಡುತ್ತಾರೆ, ಬೇರೆ ಲೇಖಕರ ಜೊತೆ ಕೂತು ಸಾಹಿತ್ಯ ಮಾತಾಡುವುದೇ ಜಾಸ್ತಿನಾ, ಪುಸ್ತಕದ ಕಾರ್ಯಕ್ರಮಗಳಿಗೆ ಹೋಗಲೇಬೇಕಾ ಅಂತ ಕೇಳಿದ್ದೀರಿ. ನನ್ನವು ನಾಲ್ಕು ಕಾದಂಬರಿ ಬಂದಿವೆ. ಯಾವುದೂ ದೊಡ್ಡ ಸದ್ದು ಮಾಡಿಲ್ಲ, ಯಾವುದೂ ಪೂರ್ತಿ ಮುಳುಗಿಲ್ಲ. ಹಾಗಾಗಿ ಇದನ್ನು ನಡುವೆ ಎಲ್ಲೋ ಇರುವವರ ಉತ್ತರ ಅಂತ ಓದಿಕೊಳ್ಳಿ.

ಬರೆಯುವ ಹೊತ್ತಿನ ಬಗ್ಗೆ ಹೇಳುವುದು ಕಡಿಮೆ. ಕೆಲಸಕ್ಕೆ ಹೊರಡುವ ಮುಂಚಿನ ಎರಡು ಗಂಟೆ, ಅಷ್ಟೇ. 300 ಪದ ಬಂದರೆ ಒಳ್ಳೆ ದಿನ. 19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥೊನಿ ಟ್ರಾಲಪ್ ಬಹಳ ವರ್ಷ ಅಂಚೆ ಇಲಾಖೆಯಲ್ಲಿ ದುಡಿಯುತ್ತಲೇ ಬರೆದವರು. ಬೆಳಗಿನ 5.30ಕ್ಕೆ ಕೂತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದದ ಲೆಕ್ಕದಲ್ಲಿ ಬರೆಯುತ್ತಿದ್ದರಂತೆ. ಒಟ್ಟು 47 ಕಾದಂಬರಿ! ನಾನೂ ಒಂದು ವಾರ ಗಡಿಯಾರ ಇಟ್ಟು ನೋಡಿದೆ. ಗಡಿಯಾರ ನೋಡುವುದು ಮಾತ್ರ ಚೆನ್ನಾಗಿ ಅಭ್ಯಾಸವಾಯಿತು.

ಇನ್ನು ಲೇಖಕರ ಸಹವಾಸ. ಹೊರಗಿನವರು ಅಂದುಕೊಂಡಷ್ಟು ಸಾಹಿತ್ಯದ ಮಾತು ನಮ್ಮ ನಡುವೆ ನಡೆಯುವುದಿಲ್ಲ. ನಾಲ್ಕು ಜನ ಸೇರಿದರೆ ಮೊದಲು ಬರುವುದು ದುಡ್ಡಿನ ಮಾತು. ರಾಯಲ್ಟಿ ಲೆಕ್ಕ ಬಂತಾ, ಎಷ್ಟು ಪ್ರತಿ ವಾಪಸ್ ಬಂತು, ಮುಂದಿನ ಮುದ್ರಣದ ಬಗ್ಗೆ ಪ್ರಕಾಶಕರು ಏನಾದರೂ ಬಾಯಿ ಬಿಟ್ಟರಾ. ಅಚ್ಚಾದ ಪುಸ್ತಕಕ್ಕೆ ಬೆಲೆಯ ಶೇಕಡಾ 10ರ ಆಸುಪಾಸು ಸಿಕ್ಕರೆ ಅದೇ ಮಾಮೂಲು ದರ, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಅಂಗಡಿಯಿಂದ ವಾಪಸ್ ಬಂದ ಪ್ರತಿಗೆ ಏನೂ ಇಲ್ಲ. ಆಮೇಲೆ ಪ್ರೂಫ್‌ನ ಗೋಳು. ಪುಸ್ತಕ ಸಾಮಾನ್ಯವಾಗಿ 16 ಪುಟದ ಫಾರಂ (ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳು) ಲೆಕ್ಕದಲ್ಲಿ ಅಚ್ಚಾಗುತ್ತದೆ, ಹಾಗಾಗಿ 'ಮೂರು ಪುಟ ಕಡಿಮೆ ಮಾಡಿ, ಇಲ್ಲದಿದ್ದರೆ ಒಂದು ಫಾರಂ ಜಾಸ್ತಿಯಾಗುತ್ತದೆ' ಅಂತ ಕೊನೇ ಗಳಿಗೆಯಲ್ಲಿ ಫೋನ್ ಬರುತ್ತದೆ, ನೀವು ಆರು ತಿಂಗಳು ಒದ್ದಾಡಿ ಬರೆದ ಅಧ್ಯಾಯದಲ್ಲಿ ಯಾವ ಮೂರು ಪುಟ ಇಲ್ಲದಿದ್ದರೂ ನಡೆಯುತ್ತದೆ ಅಂತ ಹುಡುಕುತ್ತಾ ಕೂರುತ್ತೀರಿ. ಸಿಕ್ಕೇ ಸಿಗುತ್ತದೆ ಅನ್ನುವುದು ಬೇಜಾರಿನ ಸಂಗತಿ.

ಗೆಳೆಯರ ಪುಸ್ತಕಗಳದ್ದು ಇನ್ನೊಂದು ಕಥೆ. ಪರಿಚಯದವರೆಲ್ಲ ಬರೆಯುವವರೇ ಆದಾಗ ತಿಂಗಳಿಗೆ ಮೂರ್ನಾಲ್ಕು ಗೌರವ ಪ್ರತಿ ಬರುತ್ತವೆ, ಓದಿ ಅಭಿಪ್ರಾಯ ತಿಳಿಸಿ ಅಂತ ಚೀಟಿ ಸಮೇತ. ಒಂದು ಗುಟ್ಟು ಹೇಳುತ್ತೇನೆ. ಪುಸ್ತಕ ಕೈಗೆ ಬಂದ ದಿನವೇ 'ತಲುಪಿತು, ಖುಷಿಯಾಯಿತು' ಅಂತ ಸಂದೇಶ ಹಾಕಿಬಿಡಬೇಕು. ಒಂದು ವಾರ ಸುಮ್ನೆ ಇದ್ದರೆ ಆಮೇಲೆ ಅಭಿಪ್ರಾಯವನ್ನೇ ಕೊಡಬೇಕಾಗುತ್ತದೆ. ಬೆನ್ನುಡಿ ಕೇಳುವವರಂತೂ 300 ಪುಟದ ಹಸ್ತಪ್ರತಿ ಕಳಿಸಿ, ಹತ್ತು ದಿನ ಸಾಕಲ್ವಾ ಅನ್ನುತ್ತಾರೆ. ನಾನೂ ಹಾಗೆ ಕೇಳಿದ್ದೇನೆ, ಅದಕ್ಕೇ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಹೊಟ್ಟೆಕಿಚ್ಚು ಇರುವುದಿಲ್ಲವಾ ಅಂದರೆ, ಇರುತ್ತದೆ. ಪ್ರಶಸ್ತಿಯ ಪಟ್ಟಿ ಬಂದ ದಿನ ಫೋನ್ ಪಕ್ಕಕ್ಕಿಟ್ಟು ಅರ್ಧ ಗಂಟೆ ಓಡಾಡಿ ಬರುತ್ತೇನೆ. ಆಮೇಲೆ ಅಭಿನಂದನೆ ಕಳಿಸುತ್ತೇನೆ. ಅಷ್ಟು ಹೊತ್ತಿಗೆ ಅದು ಮುಕ್ಕಾಲು ಪಾಲು ನಿಜವಾಗಿರುತ್ತದೆ.

ಕಾರ್ಯಕ್ರಮಗಳಿಗೆ ವರ್ಷಕ್ಕೆ ಆರೇಳು ಸಲ ಹೋಗುತ್ತೇನೆ. ಬಿಡುಗಡೆ ಸಮಾರಂಭಕ್ಕೆ ಬರುವವರಲ್ಲಿ ಅರ್ಧ ಜನ ಬೇರೆ ಲೇಖಕರು. ಅವರ ಪುಸ್ತಕದ ಬಿಡುಗಡೆಗೆ ನೀವು ಹೋಗಿದ್ದಿರಿ, ನಿಮ್ಮದಕ್ಕೆ ಅವರು ಬಂದಿದ್ದಾರೆ. ಗೋಷ್ಠಿ ನಡೆಸಿಕೊಡುವವರು ಕಾದಂಬರಿ ಓದಿದ್ದಾರೋ ಇಲ್ಲವೋ ಮೊದಲ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. 'ಈ ಕೃತಿಗೆ ಸ್ಫೂರ್ತಿ ಏನು' ಅಂದರೆ ಬೆನ್ನುಡಿಯ ಆಚೆ ಹೋಗಿಲ್ಲ ಅಂತ ಅರ್ಥ. ಒಂದು ಸಲ ಸಹಿ ಹಾಕಲು ನನ್ನನ್ನು ಭಾರಿ ಜನಪ್ರಿಯ ಲೇಖಕರೊಬ್ಬರ ಪಕ್ಕದ ಮೇಜಿನಲ್ಲಿ ಕೂರಿಸಿದ್ದರು. ಅವರ ಸಾಲು ಬಾಗಿಲು ದಾಟಿತ್ತು. ಸಾಲಿನಲ್ಲಿದ್ದವರು ಕೈ ನೋಯುತ್ತೆ ಅಂತ ಚೀಲಗಳನ್ನು ನನ್ನ ಮೇಜಿನ ಮೇಲೆ ಇಡುತ್ತಾ, ಸಾಲು ಸರಿದಂತೆ ಎತ್ತಿಕೊಂಡು ಹೋಗುತ್ತಾ ಇದ್ದರು. ಕೊನೆಗೆ ಒಬ್ಬರು ಪಾಪ ಅನ್ನಿಸಿ ನನ್ನದೂ ಒಂದು ಕೊಂಡರು. ಅವರ ಹೆಸರನ್ನೇ ನಾನು ತಪ್ಪು ಬರೆದೆ! ಹೊಸ ಪ್ರತಿ ಕೊಟ್ಟೆ, ತಪ್ಪು ಹೆಸರಿನದು ಇನ್ನೂ ನನ್ನ ಕಪಾಟಿನಲ್ಲಿದೆ. ಎಷ್ಟೇ ಸುಲಭದ ಹೆಸರಾದರೂ ಈಗ ಮೊದಲು ಚೀಟಿಯಲ್ಲಿ ಬರೆಸಿಕೊಳ್ಳುತ್ತೇನೆ.

ಹೋಗಲೇಬೇಕಾ ಅಂದರೆ, ಮಾರಾಟಕ್ಕಾಗಿ ಬೇಡ. ಅಲ್ಲಿ ಹೋಗುವ ಹತ್ತಿಪ್ಪತ್ತು ಪ್ರತಿಗಳಿಂದ ಯಾರ ಬದುಕೂ ಬದಲಾಗುವುದಿಲ್ಲ. ನಾನು ಹೋಗುವುದು ಬೇರೆ ಆಸೆಗೆ. ನನ್ನ ಕರಡನ್ನು ಓದಿ ನಿಜ ಹೇಳುವವರು ಎಲ್ಲಾದರೂ ಸಿಕ್ಕಾರು ಅಂತ. ಆಕ್ಸ್‌ಫರ್ಡ್‌ನಲ್ಲಿ 1930, 40ರ ದಶಕಗಳಲ್ಲಿ ಲೇಖಕ ಸಿ.ಎಸ್. ಲೂಯಿಸ್ ಅವರ ಕೋಣೆಯಲ್ಲಿ ಗುರುವಾರ ರಾತ್ರಿ ಕೆಲವು ಬರೆಯುವ ಗೆಳೆಯರು ಸೇರುತ್ತಿದ್ದರು, ಇಂಕ್ಲಿಂಗ್ಸ್ ಅಂತ ಹೆಸರು. ಬರೆಯುತ್ತಿರುವುದನ್ನು ತಂದು ಗಟ್ಟಿಯಾಗಿ ಓದುವುದು, ಉಳಿದವರು ಟೀಕಿಸುವುದು. ಅವರಲ್ಲೊಬ್ಬರಾದ ಟೋಲ್ಕಿನ್ ತಮ್ಮ ದೊಡ್ಡ ಕಾದಂಬರಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಅನ್ನು ಬರೆಯುತ್ತಿದ್ದಂತೆಯೇ ಅಲ್ಲಿ ಓದುತ್ತಿದ್ದರು. ಒಬ್ಬ ಗೆಳೆಯರಿಗೆ ಅದು ಹಿಡಿಸುತ್ತಲೇ ಇರಲಿಲ್ಲ. ಆದರೂ ಬರೆದು ಮುಗಿಸಿದ್ದು ಲೂಯಿಸ್ ಬೆನ್ನುಹತ್ತಿದ್ದರಿಂದ ಅಂತ ಟೋಲ್ಕಿನ್ ಆಮೇಲೆ ಒಪ್ಪಿಕೊಂಡಿದ್ದಾರೆ.

ನನಗೆ ಅಂಥವರು ಸಿಕ್ಕಿದ್ದು ಒಬ್ಬರೇ. ಒಂದು ಗೋಷ್ಠಿಯ ಕೊನೇ ಸಾಲಿನಲ್ಲಿ ಇಬ್ಬರೂ ಆಕಳಿಸುತ್ತಾ ಪರಿಚಯವಾದೆವು. ಮೂರನೇ ಕಾದಂಬರಿಯ ಕರಡನ್ನು ಅವರಿಗೆ ಕೊಟ್ಟಿದ್ದೆ. ವಾಪಸ್ ಬಂದಾಗ 112ನೇ ಪುಟದಲ್ಲಿ ಪೆನ್ಸಿಲ್‌ನಿಂದ ಒಂದು ಅಡ್ಡಗೆರೆ, ಪಕ್ಕದಲ್ಲಿ 'ಇಲ್ಲಿ ನಿದ್ದೆ ಬಂತು'. ಮೂರು ವಾರ ಮಾತು ಬಿಟ್ಟೆ. ಆಮೇಲೆ 40 ಪುಟ ಕಿತ್ತು ಹಾಕಿದೆ. ಆ ಪುಟಗಳಲ್ಲಿ ಏನಿತ್ತು ಅಂತ ಈಗ ನೆನಪೂ ಇಲ್ಲ.

ಹೋದ ವಾರ ಅವರ ಹೊಸ ಕರಡು ನನಗೆ ಬಂದಿದೆ. 69ನೇ ಪುಟದಲ್ಲಿ ಗೆರೆ ಎಳೆಯಬೇಕೋ ಬೇಡವೋ ಅಂತ ಎರಡು ದಿನದಿಂದ ಪೆನ್ಸಿಲ್ ಹಿಡಿದು ಕೂತಿದ್ದೇನೆ. ನಿಮ್ಮ ಪ್ರಶ್ನೆಗೆ ಇಷ್ಟುದ್ದ ಉತ್ತರ ಬರೆಯಲು ಅದೂ ಒಂದು ಕಾರಣ.